ಬರೀ ಕಾಲುಗಳ ಮದುವೆ

ಬೀದಿಯವರಿಗೆಲ್ಲ ಅವನು ವಿಡಿಯೋ ಮಾಮ. ಯಾರದೇ ಮದುವೆಯಿರಲಿ, ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಹಾಜರು. ಊರವರ ಮದುವೆಗಳನ್ನೆಲ್ಲ ಸೆರೆಹಿಡಿದವನು ತಾನು ಮಾತ್ರ ಯಾಕೆ ಒಂಟಿಯಾಗಿ ಉಳಿದ ಎಂದು ಕೇಳುವವರಿಗೇನೂ ಬರವಿರಲಿಲ್ಲ. "ನಾನೂ ಹೋಗಿ ಅಲ್ಲಿ ನಿಂತ್ರೆ ಕ್ಯಾಮೆರಾ ಹಿಡಿಯೋರ್ಯಾರು?" ಎಂದು ನಗಿಸಿ ಜಾರಿಕೊಳ್ಳುತ್ತಿದ್ದ. ಅವನ ಮನಸ್ಸು ಒಲಿದದ್ದು ಗಂಡಸಿಗೆ. ಅದನ್ನು ಒಡಹುಟ್ಟಿದ ಅಕ್ಕನಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಮೂಗು ತೂರಿಸುವುದರಲ್ಲಿ ಅಕ್ಕ ಎತ್ತಿದ ಕೈ. ಆದರೆ ಮಾತು ಅತ್ತ ತಿರುಗಿತೆಂದರೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ತನ್ನಂಥವರದೇ ಒಂದು ಪುಟ್ಟ ಗುಂಪು ಅವನಿಗೆ ಸಿಕ್ಕಿತು. ಹಿಂದಿನ ಕಾಲದ ನಮ್ಮಂಥವರ ಗುರುತು ಎಲ್ಲೂ ಉಳಿದಿಲ್ಲ, ಯಾರಾದರೂ ಒಂದು ಸಾಕ್ಷ್ಯಚಿತ್ರ ಮಾಡಬೇಕು ಎಂದು ಅಲ್ಲಿಯವರು ಪೇಚಾಡುತ್ತಿದ್ದರು. ಮಾಮ ಸುಮ್ಮನೆ ಕೇಳಿಸಿಕೊಂಡು ಮನೆಗೆ ಬಂದು ಅಟ್ಟ ಹತ್ತಿದ. ಮದುವೆ ಕ್ಯಾಸೆಟ್ಟುಗಳಿಂದ ಬೇಡವೆಂದು ತಾನೇ ತೆಗೆದಿಟ್ಟ ತುಣುಕುಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಮೂಲೆಯಲ್ಲಿ ಕೈ ಕೈ ಹಿಡಿದು ಕೂತ ಇಬ್ಬರು ಹೆಂಗಸರು. ಗೆಳೆಯನ ಕಾಲರ್ ಸರಿಮಾಡಿ, ಕೈಯನ್ನು ಅಲ್ಲೇ ಮರೆತ ಒಬ್ಬ ಗಂಡಸು. ಅವರ ಮನಸ್ಸಿನಲ್ಲೇನಿತ್ತೋ ದೇವರೇ ಬಲ್ಲ. ಕಣ್ಣಿಗೆ ಬಿದ್ದವರೆಲ್ಲ ತನ್ನವರೇ ಅಂದುಕೊಳ್ಳುವುದು ಒಂಟಿ ಮನುಷ್ಯನ ಹಣೆಬರಹ. ಮುಖ ಬಿಟ್ಟು ಕೈಗಳನ್ನಷ್ಟೇ ದೊಡ್ಡದು ಮಾಡಿ, ನಿಧಾನಗೊಳಿಸಿ, ಒಂದಕ್ಕೊಂದು ಜೋಡಿಸಿದ. ಕಥೆಯಿಲ್ಲ, ವಿವರಣೆಯಿಲ್ಲ. ಇದೆಂಥ ಸಿನಿಮಾ ಎಂದು ಅವನಿಗೇ ಅನುಮಾನ.

ಖಾತ್ರಿಯಿದ್ದದ್ದು ಒಂದೇ ತುಣುಕು, ಅದು ಟೈಲರನ ಮದುವೆಯದು. ಟೈಲರ್ ಅವನ ಹರೆಯದ ಗೆಳೆಯ. ಗೆಳೆಯ ಅಂದರೆ ಸಾಲದು, ಆಗ ಅವನೇ ಎಲ್ಲ. ಮನೆಯವರ ಒತ್ತಾಯಕ್ಕೆ ಟೈಲರ್ ಮದುವೆಗೆ ಒಪ್ಪಿದ, ವಿಡಿಯೋ ಕೆಲಸ ಇವನ ತಲೆಗೇ ಬಂತು. ಆ ದಿನ ಗಮನ ತಪ್ಪಿ ಗುಂಡಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿಬಿಟ್ಟ. ಕ್ಯಾಮೆರಾದವರು ಹೊಸದರಲ್ಲಿ ಮಾಡುವ ಎಡವಟ್ಟು ಅದು: ಓಡುತ್ತಿದೆ ಅಂದುಕೊಂಡಾಗ ನಿಂತಿರುತ್ತದೆ, ನಿಂತಿದೆ ಅಂದುಕೊಂಡಾಗ ಓಡುತ್ತಿರುತ್ತದೆ. ಉಂಗುರ ತೊಡಿಸಿದ್ದು ಇಲ್ಲ, ಮದುಮಗಳ ಮುಖವೂ ಇಲ್ಲ. ಕ್ಯಾಮೆರಾ ಕೆಳಗೆ ತೂಗುಬಿಟ್ಟಾಗ ಕಂಡ ನೆಲ, ಬೂಟು, ಚಪ್ಪಲಿ, ಮತ್ತೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೈಲರ್ ಆಡಿದ ಮಾತು. ಹೆಣ್ಣಿನ ಕಡೆಯವರು ಉಗಿದು ಉಪ್ಪಿನಕಾಯಿ ಹಾಕಿದರು.

ಆ ದನಿ ಬಳಸಲು ಟೈಲರನ ಒಪ್ಪಿಗೆ ಬೇಕಿತ್ತು. ಕದ್ದು ಬಳಸಿದರೆ ಮತ್ತೆ ಅವನಿಗೆ ಮುಖ ತೋರಿಸುವ ಹಾಗಿರಲಿಲ್ಲ. ಬಿಟ್ಟರೆ, ತನ್ನನ್ನೂ ಒಬ್ಬ ಬಯಸಿದ್ದ ಎಂಬುದಕ್ಕೆ ಈ ಭೂಮಿಯ ಮೇಲೆ ಬೇರೆ ಸಾಕ್ಷಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಅವನನ್ನು ಎಡಿಟಿಂಗ್ ಕೋಣೆಗೆ ಕರೆಸಿದ. ಟೈಲರ್ ಅಂಗಡಿಯಿಂದ ನೇರ ಬಂದ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ತಲೆ ಪೂರ್ತಿ ನರೆತಿತ್ತು.

ಮಾಮ ತುಣುಕು ಹಾಕಿದ. ನೆಲ ತೂಗಾಡಿತು. ಎರಡು ಜೊತೆ ಬೂಟುಗಳು ಹತ್ತಿರ ಬಂದು ನಿಂತವು.

"ಹೋಗ್ಬೇಡ ಕಣೋ," ಎಂದಿತು ಟೈಲರನ ಹರೆಯದ ದನಿ. "ನೀನಿಲ್ದೆ ನಂಗೆ ಕೈಕಾಲೇ ಆಡಲ್ಲ. ಎಲ್ಲೂ ಹೋಗ್ಬೇಡ."

"ಇಲ್ಲೇ ಇರ್ತೀನಿ," ಎಂದಿತು ಮಾಮನ ಆಗಿನ ದನಿ.

ಟೈಲರ್ ತಲೆ ಅಲ್ಲಾಡಿಸಿದ. "ಬೇಡಪ್ಪ. ಮಕ್ಕಳು ಕೇಳಿದ್ರೆ ಗುರುತು ಹಿಡೀತಾರೆ. ನನ್ ದನಿ ತೆಗೆದ್ಬಿಡು."

"ಆಯ್ತು."

"ಕೋಪಾನಾ?"

"ನಿನ್ ಮೇಲೆ ಕೋಪ ಮಾಡ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಟೈಲರ್ ಎದ್ದು ಬಾಗಿಲವರೆಗೂ ಹೋದ. ಅಲ್ಲಿಂದ ತಿರುಗಿ ಬಂದು ಕೂತ.

"ತೆಗೆಯೋಕ್ ಮುಂಚೆ ಇನ್ನೊಂದ್ಸಲ ಹಾಕು."

ಮಾಮ ಹಾಕಿದ. ಟೈಲರ್ ಕಣ್ಣು ಮುಚ್ಚಿಕೊಂಡು ಕೇಳಿದ, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಈಗ ತೆಗಿ," ಎಂದ. ಅವನೆದುರಿಗೇ ಮಾಮ ಅದನ್ನು ತೆಗೆದ.

ಪುಟ್ಟ ಸಭಾಂಗಣವೊಂದರಲ್ಲಿ ಚಿತ್ರ ತೋರಿಸಿದರು. ಬಂದಿದ್ದವರು ಬೆರಳೆಣಿಕೆಯ ಜನ, ಟೈಲರ್ ಬಂದಿರಲಿಲ್ಲ. ಕೈಗಳೆಲ್ಲ ಮುಗಿದ ಮೇಲೆ ಪರದೆ ತುಂಬ ಆ ನೆಲ, ಆ ಬೂಟುಗಳು. ಯಂತ್ರ ಕೆಟ್ಟಿತೇನೋ ಎಂದು ಜನ ಹಿಂದೆ ತಿರುಗಿ ನೋಡುವಷ್ಟು ಹೊತ್ತು ಸದ್ದೇ ಇಲ್ಲ. ಆಮೇಲೆ, ಯಾರೂ ಏನೂ ಕೇಳದಿದ್ದರೂ, ಪರದೆಯೊಳಗಿಂದ ಒಬ್ಬ ಹುಡುಗ ಉತ್ತರ ಕೊಟ್ಟ:

"ಇಲ್ಲೇ ಇರ್ತೀನಿ."