ನೋಡಿ ಮಾಡ್ರಿ

ಇವತ್ತು ಬೆಳಿಗ್ಗೆ ದೇಶನೂರಿನ ಹತ್ತಿರ ಕಾಲುವೆಯ ಏರಿ ಜಿನುಗುತ್ತಿತ್ತು, ಗೆಳೆಯರೇ. ಗೇಟು ಇಳಿಸಿ ನೀರು ನಿಲ್ಲಿಸದಿದ್ದರೆ ಏರಿ ಒಡೆದು ಪಕ್ಕದ ಗದ್ದೆಗಳು ಮುಳುಗುತ್ತವೆ. ನಿಲ್ಲಿಸಿದರೆ ಕೆಳಗಿನ ಊರುಗಳ ಭತ್ತ ಹಾಲು ತುಂಬುವ ಹೊತ್ತಿನಲ್ಲೇ ಒಣಗುತ್ತದೆ.

ನಾನು ಇಲ್ಲಿಯ ಸೆಕ್ಷನ್ ಇಂಜಿನಿಯರ್. ಗೇಟು ಮುಟ್ಟಲು ಮೇಲಿನವರ ಅಪ್ಪಣೆ ಬೇಕು. ಸಿರುಗುಪ್ಪಕ್ಕೆ ಓಡಿಹೋಗಿ ಬಳ್ಳಾರಿಯ ದೊಡ್ಡ ಸಾಹೇಬರಿಗೆ ಟ್ರಂಕ್ ಕಾಲ್ ಹಾಕಿಸಿದೆ. ಲೈನು ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಸರ್, ಗೇಟ್ ಇಳಸ್ಲೇನ್ರಿ?"

"ನೋಡಿ ಮಾಡ್ರಿ."

"ಇಳಿಸಿದ್ರ ಕೆಳಗಿನ ರೈತರು ಸುಮ್ನ ಬಿಡಂಗಿಲ್ರಿ ಸರ್."

"ಅದಕ್ಕ ಹೇಳಿದ್ನಲ್ರಿ, ನೋಡಿ ಮಾಡ್ರಿ ಅಂತ."

ಫೋನು ಇಟ್ಟರು.

ನಮ್ಮಲ್ಲಿ ದೊಡ್ಡವರ ಬಾಯಲ್ಲಿರುವುದು ಇದೊಂದೇ ಮಾತು. ಕೆಲಸ ಸರಿಹೋದರೆ 'ಮಾಡ್ರಿ ಅಂದಿದ್ದೆ' ಎನ್ನಬಹುದು, ಕೆಟ್ಟರೆ 'ನೋಡ್ರಿ ಅಂದಿದ್ದೆ' ಎನ್ನಬಹುದು. ನೌಕರಿಗೆ ಸೇರಿದಾಗಿನಿಂದ ನನಗೆ ಬೇರೆ ಅಪ್ಪಣೆಯೇ ಸಿಕ್ಕಿಲ್ಲ.

ವಾಪಸು ಬಂದಾಗ ಎರಡೂ ಕಡೆಯ ರೈತರು ಏರಿಯ ಮೇಲೆ ಕೋಲು ಹಿಡಿದು ನಿಂತಿದ್ದರು. ಗೇಟು ಎತ್ತಿ ಇಳಿಸುವ ಲಸ್ಕರ್ ಹನುಮಂತಪ್ಪ ಚಕ್ರಕ್ಕೆ ಕೈ ಹಾಕಿಕೊಂಡೇ ಕೇಳಿದ, "ಸಾಹೇಬ್ರ, ಏನ್ ಮಾಡ್ಲಿ? ಇಳಸ್ಲೋ, ಬ್ಯಾಡೋ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಏರಿ ಆಗಲೇ ಬಿರುಕು ಬಿಟ್ಟಿತ್ತು.

"ನೋಡಿ ಮಾಡಪ್ಪ," ಅಂದೆ.

ಹನುಮಂತಪ್ಪ ಚಕ್ರದಿಂದ ಕೈ ತೆಗೆದ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, "ಪ್ರಮೋಷನ್ ಆತೇನ್ರಿ?"