ನಿಂತಾಗಿನ ಸೊಂಟ, ಕೂತಾಗಿನ ಸೊಂಟ

ತೋಟಪ್ಪನವರು ಐವತ್ತೆಂಟು ವರ್ಷ ತುಂಬುವವರೆಗೂ ಒಂದೇ ಒಂದು ಚಡ್ಡಿಯನ್ನು ಅಂಗಡಿಯಲ್ಲಿ ಕೊಂಡವರಲ್ಲ. ಅದಕ್ಕೆ ಬಡತನ ಕಾರಣವಲ್ಲ. ಆ ಪ್ರಸಂಗವೇ ಬಂದಿರಲಿಲ್ಲ, ಅಷ್ಟೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಅವರದು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಮೇಲೊಂದು ಬನಿಯನ್ನು, ಕೆಳಗೊಂದು ಲುಂಗಿ, ಲುಂಗಿಯೊಳಗೆ ಮೊಣಕಾಲಿನ ತನಕ ಬರುವ, ಲಾಡಿ ಬಿಗಿದು ಕಟ್ಟುವ ಪಟ್ಟಾಪಟ್ಟಿ ಚಡ್ಡಿ.

ಆ ಚಡ್ಡಿಗಳನ್ನು ಹೊಲಿಯುತ್ತಿದ್ದವರು ಓಣಿಯ ಟೇಲರ್ ಶೇಖಸಾಬರು. ತೋಟಪ್ಪನವರಿಗೆ ಅವರು ಒಮ್ಮೆಯೂ ಟೇಪು ಹಿಡಿದವರಲ್ಲ. ಓಣಿಯ ತುದಿಯಿಂದ ಇವರು ನಡೆದು ಬರುವುದನ್ನು ನೋಡಿ, ಈ ವರ್ಷ ಸ್ವಲ್ಪ ಸೊರಗಿದ್ದಾರೆ ಅಥವಾ ಸ್ವಲ್ಪ ತುಂಬಿದ್ದಾರೆ ಎಂದು ತಾವೇ ತೀರ್ಮಾನಿಸಿ ಕತ್ತರಿ ಹಾಕುತ್ತಿದ್ದರು. ಈಗ ಅವರ ಕಣ್ಣಿಗೆ ಪೊರೆ ಬಂದಿದೆ. ಲಕ್ಷ್ಮೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋಗುವ ಮೊದಲು ಆರು ಚಡ್ಡಿ ಹೊಲಿದು ಕೊಟ್ಟು, ಇಷ್ಟು ಸಾಕು ನೋಡ್ರಿ ಅಂದಿದ್ದರಂತೆ. ಯಾರ ಆಯುಷ್ಯವನ್ನು ಲೆಕ್ಕ ಹಾಕಿ ಹಾಗೆ ಅಂದರೋ ತೋಟಪ್ಪನವರಿಗೆ ಇನ್ನೂ ತಿಳಿದಿಲ್ಲ.

ಹೋದ ವರ್ಷ ಮೊಣಕಾಲು ಹೋದವು. ಇನ್ನು ಕುಣಿಯೊಳಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದರು. ಮಗ್ಗ ನಿಂತಿತು. ಆಮೇಲೆ ಹನ್ನೊಂದು ದಿನ ತೋಟಪ್ಪನವರು ಪಡಸಾಲೆಯಲ್ಲಿ ಕೂತು, ಹೊದೆಯುವ ಚಾದರದ ಅಂಚಿನ ಎಳೆಗಳನ್ನು ಎಣಿಸಿದರು ಎಂದು ಅವರ ಹೆಂಡತಿ ಸಾವಂತ್ರೆವ್ವ ನನ್ನ ಹೆಂಡತಿಯ ಮುಂದೆ ಹೇಳಿಕೊಂಡಿದ್ದರು. ಎಣಿಸಿ ಮುಗಿದ ಮೇಲೆ ಮತ್ತೊಂದು ಚಾದರ ಕೇಳಿದರಂತೆ.

ಇಂಥ ಹೊತ್ತಿನಲ್ಲಿ ಗದಗಿನ ಒಂದು ಸೀರೆ ಅಂಗಡಿಯಿಂದ ಕರೆ ಬಂತು. ಅಂಗಡಿಯ ಯಜಮಾನ ಸಿದ್ದಾರೂಢ ಮೂವತ್ತೈದರ ಆಸುಪಾಸಿನ ಹುಡುಗ. ಕೈಮಗ್ಗದ ಸೀರೆ ಯಾವುದು, ಯಂತ್ರದ ಸೀರೆ ಯಾವುದು ಎಂದು ಗಿರಾಕಿಗಳು ಕೇಳತೊಡಗಿದ್ದರು, ಅವನಿಗೆ ಹೇಳಲು ಬರುತ್ತಿರಲಿಲ್ಲ. ತಿಳಿದವರೊಬ್ಬರು ಬೇಕಾಗಿದ್ದರು. ಒಂದು ತಿಂಗಳು ನೋಡೋಣ, ಸರಿಹೋದರೆ ಕಾಯಂ ಅಂದ. ಷರತ್ತು ಒಂದೇ: ಅಂಗಡಿಯ ಎಲ್ಲರ ಹಾಗೆ ನೀಲಿ ಪ್ಯಾಂಟು, ಬಿಳಿ ಅಂಗಿ. ಮತ್ತೆ ದಿನವೂ ಸೀರೆ ಮುಟ್ಟಲು ಸಿಗುತ್ತದೆ ಎಂಬ ಖುಷಿಯಲ್ಲಿ ತೋಟಪ್ಪನವರು ಪ್ಯಾಂಟಿನ ಬಗ್ಗೆ ಯೋಚನೆ ಮಾಡಲಿಲ್ಲ. ಪ್ಯಾಂಟಿನೊಳಗಿನದರ ಬಗ್ಗೆಯಂತೂ ಇಲ್ಲವೇ ಇಲ್ಲ.

ಮೊದಲ ದಿನ ಪಟ್ಟಾಪಟ್ಟಿಯ ಮೇಲೆಯೇ ಪ್ಯಾಂಟು ಏರಿಸಿಕೊಂಡು ಹೋದರು. ಲುಂಗಿಯೊಳಗೆ ಗಾಳಿ ಉಂಡು ಬೆಳೆದ ಚಡ್ಡಿ ಅದು. ಪ್ಯಾಂಟಿನ ಇಕ್ಕಟ್ಟಿನಲ್ಲಿ ಮೇಲೆ ಸರಿದು ತೊಡೆಯ ಸಂದಿಯಲ್ಲಿ ಉಂಡೆಯಾಗಿ ಕೂತಿತು. ಲಾಡಿಯ ಗಂಟು ಬೆಲ್ಟಿನ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಎರಡನೆಯ ದಿನ ಮಗ ಆನಂದನ ಒಂದು ಅಂಡರ್‌ವೇರನ್ನು ಹೇಳದೆ ಕೇಳದೆ ಹಾಕಿಕೊಂಡು ಹೋದರು. ಅದರ ಎಲಾಸ್ಟಿಕ್ಕು ಸೊಂಟದ ಸುತ್ತ ಕೆಂಪು ಬರೆ ಎಳೆಯಿತು. ಸೀರೆ ತೋರಿಸುವ ಕೈ ನಡುನಡುವೆ ಕೆರೆಯಲು ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಹೀಗೆ ದಿನ ಬಿಟ್ಟು ದಿನ ಪಟ್ಟಾಪಟ್ಟಿ ಮತ್ತು ಬರೆಗಳ ನಡುವೆ ಎರಡು ವಾರ ಕಳೆದವು. ಮುಂಡರಗಿಯ ಗಿರಾಕಿ ಹೆಣ್ಣುಮಗಳೊಬ್ಬಳು ಇವರನ್ನೇ ನೋಡುತ್ತ ತನ್ನ ಕುರ್ಚಿಯನ್ನು ಒಂದು ಮಾರು ದೂರ ಸರಿಸಿಕೊಂಡಳು. ಅಂದು ಸಂಜೆ ಸಿದ್ದಾರೂಢ ಅವರನ್ನು ಪಕ್ಕಕ್ಕೆ ಕರೆದ.

“ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಸ್ಕೊಂಡು ಬರ್ರಿ. ಸೋಮವಾರ ಬೆಳ್ಳಟ್ಟಿಯಿಂದ ಮದವಿ ಸೀರಿಗೆ ಮಂದಿ ಬರ್ತಾರ. ಅವತ್ತೂ ಹಿಂಗ ಆದ್ರ, ನನಗೂ ಕಷ್ಟ ಆಕ್ಕೈತಿ.”

ಆ ಶನಿವಾರ ತೋಟಪ್ಪನವರು ನಮ್ಮ ಕಟ್ಟೆಗೆ ಬಂದು ಕೂತರು. ನಾನು ಹೈಸ್ಕೂಲಿನಲ್ಲಿ ಗುಮಾಸ್ತ. ಆದರೂ ಓಣಿಯವರು ಮಾಸ್ತರ ಎನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಮೂವತ್ತು ವರ್ಷದಿಂದ ಪ್ಯಾಂಟು ಹಾಕುವ ಮನುಷ್ಯ, ಇವನಿಗೆ ಒಳಗಿನದೂ ಗೊತ್ತಿರಲೇಬೇಕು ಎಂಬ ನಂಬಿಕೆಯಿಂದ ಅವರು ಎಲ್ಲವನ್ನೂ ಹೇಳಿದರು. ಹೇಳಿ, ನೀವು ಯಾವ ಅಳತೆಯದು ಹಾಕುತ್ತೀರಿ ಎಂದು ಕೇಳಿದರು. ನನ್ನವನ್ನು ಕೊಳ್ಳುವವಳು ನನ್ನ ಹೆಂಡತಿ. ಡಬ್ಬಿಯ ಮೇಲೆ ಏನು ಬರೆದಿರುತ್ತದೆ ಎಂದು ನಾನು ಎಂದೂ ಓದಿದವನಲ್ಲ. ಇಷ್ಟನ್ನು ಹೇಳಿಬಿಟ್ಟಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ಆದರೆ ಮಾಸ್ತರ ಎನಿಸಿಕೊಂಡವನು ನೋಡಿ, ನಾಳೆ ಖಾಜಾಸಾಬರ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ, ಅದರಲ್ಲೇನಿದೆ ಅಂದೆ.

ಖಾಜಾಸಾಬರದು ಗದಗಿನ ಬಜಾರಿನಲ್ಲಿ ಬನಿಯನ್ನು, ಚಡ್ಡಿ, ಕಾಲುಚೀಲಗಳ ಸಣ್ಣ ಅಂಗಡಿ. ಒಂದು ಚಡ್ಡಿ ಕೊಡಿ ಎಂದರೆ ಅವರು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಉದ್ದ ಕಾಲಿನದೋ, ಕಾಲಿಲ್ಲದ್ದೋ? ಪಟ್ಟಿ ಹೊರಗೆ ಕಾಣುವುದೋ, ಒಳಗೆ ಮಡಚಿದ್ದೋ? ಮುಂದೆ ತೆರವಿದ್ದದ್ದೋ, ಮುಚ್ಚಿದ್ದೋ? ಬರೀ ಹತ್ತಿಯೋ, ಬೆರಕೆಯೋ? ಒಂದೊಂದು ಪ್ರಶ್ನೆಗೂ ತೋಟಪ್ಪನವರು ನನ್ನ ಮುಖ ನೋಡಿದರು, ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಕೊನೆಗೆ ಖಾಜಾಸಾಬರೇ ಬೇಸತ್ತು, ನಿಮಗಾದರೂ ಬೇಕೋ ಎಂದು ನನ್ನನ್ನು ಕೇಳಿದರು. ಧೈರ್ಯ ಮಾಡಿ ಮೀಡಿಯಂ ಅಂದೆ. ಅವರು ಚಷ್ಮದ ಮೇಲಿನಿಂದ ನನ್ನ ಹೊಟ್ಟೆಯನ್ನು ಸಾವಕಾಶವಾಗಿ ನೋಡಿದರು.

“ಮಾಸ್ತರ, ಅದು ನಿಮ್ಮ ಲಗ್ನದಾಗಿನ ಮಾತು.”

ಹಟಕ್ಕೆ ಬಿದ್ದು ಮೀಡಿಯಮ್ಮನ್ನೇ ಮೂರು ಕಟ್ಟಿಸಿದೆ.

ಅಷ್ಟರಲ್ಲಿ ತೋಟಪ್ಪನವರು ಒಂದು ಚಡ್ಡಿಯನ್ನು ಡಬ್ಬಿಯಿಂದ ತೆಗೆದು ಬಾಗಿಲ ಬೆಳಕಿಗೆ ಹಿಡಿದಿದ್ದರು. ಎರಡು ಬೆರಳಲ್ಲಿ ಜಗ್ಗಿದರು. ಅದು ಬಂದಿತು. ಬಿಟ್ಟರು, ಹೋಯಿತು. ಉಗುರಿನಿಂದ ಎಳೆ ಹುಡುಕಿದರು. ನಲವತ್ತು ವರ್ಷ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡೇ ದಿಕ್ಕಿನಲ್ಲಿ ಜಗತ್ತನ್ನು ಕಂಡ ಮನುಷ್ಯನಿಗೆ ಅಲ್ಲಿ ಎರಡೂ ಸಿಗಲಿಲ್ಲ.

“ಇದಕ್ಕ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಬರೇ ಕುಣಿಕಿಗೆ ಕುಣಿಕಿ ಹಾಕ್ಯಾರ. ಇದು ಅರಿವಿ ಹೆಂಗ ಆತು?”

“ಅದು ಏನರ ಆಗ್ಲಿರಿ, ನಿಮಗ ಹಾಕ್ಕೊಳ್ಳಾಕ ಬೇಕೋ, ನೇಯಾಕ ಬೇಕೋ?” ಎಂದು ಖಾಜಾಸಾಬರು ಟೇಪು ತೆಗೆದರು.

ನಿಂತಲ್ಲಿ ಸೊಂಟ ಎಂಬತ್ತೈದು ಸೆಂಟಿಮೀಟರು ಬಂತು. ಎಂಬತ್ತೈದರ ಡಬ್ಬಿಗೆ ಅವರು ಕೈ ಹಾಕುವಷ್ಟರಲ್ಲಿ ತೋಟಪ್ಪನವರು ತಡೆದರು. ತಾವು ಹುಟ್ಟಿದಾಗಿನಿಂದ ಕೂತು ದುಡಿದವರು, ನಿಂತ ಅಳತೆ ಹೇಗೆ ಸರಿಯಾದೀತು ಎಂದು ಅವರ ವಾದ. ಅಂಗಡಿಯ ಸ್ಟೂಲಿನ ಮೇಲೆ, ಮಗ್ಗದ ಮುಂದೆ ಬಾಗುವಷ್ಟೇ ಬಾಗಿ ಕೂತರು. ಮತ್ತೆ ಅಳೆದಾಗ ತೊಂಬತ್ತೆರಡು. ಖಾಜಾಸಾಬರು ನಿಟ್ಟುಸಿರು ಬಿಟ್ಟು ತೊಂಬತ್ತರ ಡಬ್ಬಿ ಇಳಿಸಿದರು. ಆಗ ತೋಟಪ್ಪನವರು ನಿಜವಾದ ಮಾತು ತೆಗೆದರು.

“ಮಗ್ಗದ ಮ್ಯಾಲೆ ಜಗ್ಗಿ ಕಟ್ಟಿದ ಸೀರಿ ಕೆಳಗ ಇಳಿಸಿದ ಕೂಡ್ಲೆ ಗೇಣು ಕುಗ್ಗತೈತಿ. ಒಗದ್ರ ಮತ್ತ ನಾಕು ಬೊಟ್ಟು. ಹೆಚ್ಚಿಗಿ ಬಿಟ್ಟು ನೇಯ್ದವನ ನೇಕಾರ. ಕುಗ್ಗೂದಕ್ಕ ನೀವು ಎಷ್ಟು ಬಿಟ್ಟೀರಿ?”

ಇದು ಕುಗ್ಗುವ ಜಾತಿಯದಲ್ಲ, ಹಿಗ್ಗುವ ಜಾತಿಯದು ಎಂದು ಖಾಜಾಸಾಬರು ಪರಿಪರಿಯಾಗಿ ಹೇಳಿದರು. ಕುಗ್ಗದ ಅರಿವೆಯನ್ನು ತಾವು ಈ ತನಕ ಕಂಡಿಲ್ಲವೆಂದು ತೋಟಪ್ಪನವರು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಡಬ್ಬಿಯ ಮೇಲೆ ಹತ್ತಿಯ ಹೂವಿನ ಚಿತ್ರ ನೋಡಿದೆ. ಹತ್ತಿ ಎಂದ ಮೇಲೆ ಕುಗ್ಗಲೇಬೇಕು ಎಂದು ತೀರ್ಪು ಕೊಟ್ಟೆ. ಗುಮಾಸ್ತನ ತೀರ್ಪಿಗೆ ಅಷ್ಟು ಬೆಲೆ ಸಿಕ್ಕಿದ್ದು ಅದೇ ಮೊದಲು. ನೂರರ ಅಳತೆಯವು ಮೂರು ಬಂದವು. ಒಳಗಿನ ಅರಿವೆ ಒಮ್ಮೆ ಒಯ್ದರೆ ವಾಪಸ್ ಇಲ್ಲ ಎಂದು ಖಾಜಾಸಾಬರು ಎರಡು ಸಲ ಹೇಳಿ, ಮೂರನೆಯ ಸಲ ನನ್ನೊಬ್ಬನನ್ನೇ ನೋಡಿ ಹೇಳಿದರು.

ಮನೆಗೆ ಬಂದ ಕೂಡಲೇ ಸಾವಂತ್ರೆವ್ವ ಮೂರನ್ನೂ ಬಿಸಿನೀರಿನಲ್ಲಿ ಅದ್ದಿ ಹಿಂಡಿ ಒಣಗಹಾಕಿದರು. ಒಣಗಿದ ಮೇಲೆ ತೋಟಪ್ಪನವರು ಗೇಣು ಹಾಕಿ ನೋಡಿದರು. ಕುಗ್ಗಿರಲಿಲ್ಲ. ಮತ್ತೆ ಹಾಕಿದರು. ಒಂದು ಬೊಟ್ಟು ಹೆಚ್ಚೇ ಬಂದಂತೆ ಅನಿಸಿತು. ಗೇಣೇ ಸಣ್ಣದಾಯಿತೋ ಎಂದು ಹೆಂಡತಿಯ ಕೈಯಿಂದಲೂ ಹಾಕಿಸಿದರು. ಎರಡನೆಯ ಒಗೆತಕ್ಕೆ ಕುಗ್ಗೀತು ಎಂದು ಸಮಾಧಾನ ಮಾಡಿಕೊಂಡು, ಸೋಮವಾರ ಬೆಳಿಗ್ಗೆ ಅವುಗಳಲ್ಲೊಂದನ್ನು ತೊಟ್ಟು ಗದಗಿನ ದಾರಿ ಹಿಡಿದರು.

ಮುಂದಿನದನ್ನು ಅವರು ಅದೇ ಸಂಜೆ ನಮ್ಮ ಕಟ್ಟೆಯ ಮೇಲೆ ಹೇಳಿದ್ದು.

ಬೆಳ್ಳಟ್ಟಿಯಿಂದ ಏಳು ಜನ ಬಂದಿದ್ದರು. ಮದುಮಗಳ ತಾಯಿ ಬಹಳ ಕಟ್ಟುನಿಟ್ಟಿನ ಹೆಣ್ಣುಮಗಳು. ಒಂದು ಸೀರೆ ತೋರಿಸಲು ಎರಡೂ ಕೈ ಬೇಕು: ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ದಡಿ. ಮೊದಲ ಸೀರೆಗೆ ಎಲ್ಲ ಸುರಳೀತ ಇತ್ತು. ಸೊಂಟಕ್ಕೆ ಏನೂ ಒತ್ತುತ್ತಿಲ್ಲ, ಮಗ್ಗ ಬಿಟ್ಟ ಮೇಲೆ ಮೊದಲ ಸಲ ಆರಾಮ ಅನಿಸಿತಂತೆ. ಎರಡನೆಯ ಸೀರೆಗೆ ಆ ಆರಾಮ ಸೊಂಟ ಬಿಟ್ಟು ಸ್ವಲ್ಪ ಕೆಳಗೆ ಇಳಿಯಿತು. ಮೂರನೆಯ ಸೀರೆಯ ಸೆರಗು ಬಿಚ್ಚುವಾಗ ಪೂರಾ ಇಳಿದು ತೊಡೆಯ ನಡುವೆ ಬಂದು ನಿಂತಿತು. ಹೊರಗೆ ಪ್ಯಾಂಟು ಇದ್ದಲ್ಲಿಯೇ ಇತ್ತು, ಬೆಲ್ಟೂ ಇತ್ತು. ಯಾರಿಗೂ ಏನೂ ಕಾಣುವಂತಿರಲಿಲ್ಲ. ಆದರೆ ತೋಟಪ್ಪನವರಿಗೆ ಹೆಜ್ಜೆ ಎತ್ತಿಡಲು ಬರದಾಯಿತು. ಅದೇ ಹೊತ್ತಿಗೆ ಆ ತಾಯಿ ಮೇಲಿನ ಖಾನೆಯ ಕೆಂಪು ಸೀರೆ ಬೇಕೆಂದರು. ಅದಕ್ಕೆ ಏಣಿ ಹತ್ತಬೇಕು.

ತೋಟಪ್ಪನವರು ಮೊಣಕಾಲು ಜೋಡಿಸಿಕೊಂಡು, ಇದ್ದಲ್ಲೇ ಗಾದಿಯ ಮೇಲೆ ಕೂತುಬಿಟ್ಟರು. ಕೈಗೆ ಸಿಕ್ಕ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡರು. ಸಿದ್ದಾರೂಢ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಣ್ಣಲ್ಲೇ ಏಣಿ ತೋರಿಸಿದ. ಇವರು ಸೀರೆಯಿಂದ ತಲೆ ಎತ್ತಲಿಲ್ಲ. ಏಳುವಂತಿಲ್ಲವಾದ್ದರಿಂದ ಮಾತಾಡಬೇಕಾಯಿತು. ಅದೃಷ್ಟಕ್ಕೆ ಅದು ಬೆಟಗೇರಿಯದೇ ಕೈಮಗ್ಗದ ಸೀರೆ. ತಿರುವಿ ಹಾಕಿ ಹಿಂಬದಿ ತೋರಿಸಿದರು. ಎಳೆ ಹರಿದು ಜೋಡಿಸಿದ ಜಾಗವನ್ನು ತೋರಿಸಿದರು. ಆಮೇಲೆ ಸೀರೆಯ ನಡುವಿನ ಒಂದು ಕಡೆ ಬೆರಳಿಟ್ಟರು.

“ಇಲ್ಲಿ ನೋಡ್ರಿ ಯವ್ವಾ. ಇಲ್ಲೀತನಕ ಹೊಕ್ಕಿಗಿ ಬಡದ ಏಟು ಮೆತ್ತಗ ಐತಿ. ಇಲ್ಲಿ ನೇಕಾರ ಊಟಕ್ಕ ಎದ್ದಾನ. ಉಂಡು ಬಂದು ಕುಂತಾನ, ಇಲ್ಲಿಂದ ಏಟು ಬಿರುಸ ಆತು.”

ಆ ತಾಯಿ ತಾವೂ ಅಲ್ಲಿ ಬೆರಳಾಡಿಸಿದರಂತೆ. ಬಹಳ ಹೊತ್ತು ಆಡಿಸಿದರಂತೆ. ಆಮೇಲೆ ಕೆಂಪು ಸೀರೆಯ ಮಾತೇ ಎತ್ತಲಿಲ್ಲ. ಆ ಕೈಮಗ್ಗದ ಸೀರೆಯನ್ನೇ ತೆಗೆದಿಟ್ಟು, ಉಳಿದವನ್ನೂ ಈ ಯಜಮಾನರೇ ಕೂತಲ್ಲಿಂದ ಆರಿಸಿಕೊಡಲಿ ಅಂದರು.

ಅವರೆಲ್ಲ ಹೋದ ಮೇಲೆ ಸಿದ್ದಾರೂಢ ಹತ್ತಿರ ಬಂದು, ಈಗಲಾದರೂ ಏಳಿರಿ ಕಾಕಾ ಅಂದ. ಏಳಲಾಗುವುದಿಲ್ಲ ಅಂದರು. ಮೊಣಕಾಲೇ ಎಂದು ಕೇಳಿದ. ಕೆಲಸ ಹೋದರೆ ಸುಳ್ಳಿಗೆ ಹೋಗಬಾರದು, ಖರೆ ಮಾತಿಗೇ ಹೋಗಲಿ ಎಂದುಕೊಂಡು ತೋಟಪ್ಪನವರು ಅವನ ಕಿವಿಯಲ್ಲಿ ಎಲ್ಲವನ್ನೂ ಹೇಳಿದರು. ಮಗನ ಚಡ್ಡಿ, ಬರೆ, ಮುಂಡರಗಿಯ ಕುರ್ಚಿ, ನೂರರ ಅಳತೆ. ಸಿದ್ದಾರೂಢ ನಗುತ್ತಾನೆಂದು ಕಾದರು. ಅವನು ನಗಲಿಲ್ಲ. ಆ ಕಡೆ ಈ ಕಡೆ ನೋಡಿ ದನಿ ಇಳಿಸಿದ.

“ನನಗೂ ಅದ ತ್ರಾಸ್ರಿ ಕಾಕಾ. ತೊಂಬತ್ತು ಬಿಗಿ ಆಕ್ಕೈತಿ, ತೊಂಬತ್ತೈದು ಸಡ್ಲ. ಲಗ್ನ ಆದಾಗಿಂದ ಹಿಂಗ ಐತಿ, ಯಾರ ಮುಂದ ಹೇಳೂದು?”

ಹಳೆಯ ಬೇನೆಯೊಂದನ್ನು ಮೊದಲ ಸಲ ಡಾಕ್ಟರಿಗೆ ಹೇಳುವವನ ಹಾಗಿತ್ತಂತೆ ಅವನ ಮುಖ. ಕೆಲಸ ಕಾಯಂ ಆಯಿತು. ಏಣಿ ಹತ್ತುವವರು ಬೇರೆ ಇದ್ದಾರೆ, ನೀವು ಗಾದಿಯ ಮೇಲೆ ಕೂತು ಹೇಳಿದರೆ ಸಾಕು ಅಂದ. ಪ್ಯಾಂಟು ಮಾತ್ರ ಬಿಡುವಂತಿಲ್ಲ.

ಇಷ್ಟು ಕೇಳಿ, ಹಾಗಾದರೆ ನನ್ನ ತೀರ್ಪಿನಿಂದಲೇ ಒಳ್ಳೆಯದಾಯಿತಲ್ಲ ಎಂದು ನಾನು ಎದೆ ಉಬ್ಬಿಸಿದೆ. ಉಬ್ಬಿಸಿದ್ದು ಎದೆಯಾದರೂ ಮೀಡಿಯಂ ಹೊಟ್ಟೆಗೆ ಕಚ್ಚಿತು, ಮತ್ತೆ ಇಳಿಸಿದೆ. ಅಷ್ಟರಲ್ಲಿ ಸಾವಂತ್ರೆವ್ವ ತಮ್ಮ ಮನೆಯಿಂದ ನೂರರ ಒಂದು ಚಡ್ಡಿ ಹಿಡಿದು ಬಂದರು. ಎಲಾಸ್ಟಿಕ್ಕಿನ ಪಟ್ಟಿಯ ಹೊಲಿಗೆಯನ್ನು ಒಂದಿಷ್ಟು ಬಿಚ್ಚಿ, ಪಿನ್ನಿಗೆ ಸಿಕ್ಕಿಸಿ, ಶೇಖಸಾಬರ ಹಳೆಯ ಪಟ್ಟಾಪಟ್ಟಿಯ ಲಾಡಿಯನ್ನೇ ಅದರೊಳಗೆ ತೂರಿಸಿದ್ದರು. ಹಾಸು ಹೊಕ್ಕು ಇಲ್ಲದ್ದಕ್ಕೆ ಲಾಡಿ ಎಂಥದ್ದು ಎಂದು ತೋಟಪ್ಪನವರು ಗೊಣಗಿದರು.

“ಅರಿವಿ ನಿಮಗ ಗೊತ್ತು, ನಿಮ್ಮ ನಡ ನನಗ ಗೊತ್ತು. ಸುಮ್ನ ಕಟ್ಕೋರಿ.”

ಕಟ್ಟಿಕೊಂಡರು. ಒಂದು ವಾರ ಕಟ್ಟಿಕೊಂಡೇ ಹೋದರು. ಬರೆಯೂ ಇಲ್ಲ, ಉಂಡೆಯೂ ಇಲ್ಲ, ಇಳಿಯುವುದೂ ಇಲ್ಲ. ಗಂಟು ಮಾತ್ರ ಕಡಲೆಕಾಯಿಯಷ್ಟು, ಅದನ್ನು ಬೆಲ್ಟು ಮುಚ್ಚುತ್ತದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊನ್ನೆ ಭಾನುವಾರ ಇನ್ನೂ ಮೂರು ಬೇಕೆಂದು ಮತ್ತೆ ನನ್ನನ್ನೇ ಕರೆದುಕೊಂಡು ಹೊರಟರು. ಸಿದ್ದಾರೂಢ ಬೇರೆ, ನಿಮಗೆ ಸರಿಹೋದದ್ದು ಯಾವ ನಂಬರು ಎಂದು ತಿಳಿದುಕೊಂಡು ಬಂದು ತನಗೂ ಹೇಳಲು ಬಿನ್ನವಿಸಿಕೊಂಡಿದ್ದನಂತೆ. ಬಸ್ ಸ್ಟಾಪಿನ ಹತ್ತಿರ ತೋಟಪ್ಪನವರು ನಿಂತರು. ಅಂಗಡಿಯಲ್ಲಿ ಕೂತಾಗ ಲಾಡಿಯನ್ನು ಸಡಿಲ ಮಾಡುತ್ತೇನೆ, ಬಸ್ಸು ಹತ್ತುವಾಗ ಬಿಗಿ ಮಾಡುತ್ತೇನೆ, ಊಟವಾದ ಮೇಲೆ ಮತ್ತೆ ಸಡಿಲ ಎಂದರು.

“ಹಿಂಗಾಗಿ ನನಗ ತಿಳಿವಲ್ದು ಮಾಸ್ತರ. ನಿಂತಾಗಿನ ನಡ ಖರೆಯೋ, ಕುಂತಾಗಿನದು ಖರೆಯೋ? ಖಾಜಾಸಾಬ್ರು ಕೇಳಿದ್ರ ಯಾವ್ದು ಹೇಳ್ಲಿ?”

ಮೀಡಿಯಂ ಕಚ್ಚಿದ ಜಾಗದಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ. ಬಸ್ಸು ಬಂತು. ತೋಟಪ್ಪನವರು ತಿರುಗಿ ನಿಂತು ಲಾಡಿ ಬಿಗಿ ಮಾಡಿಕೊಂಡು ಹತ್ತಿದರು. ಸೀಟು ಸಿಕ್ಕ ಕೂಡಲೇ ಸಡಿಲ ಮಾಡಿದರು.