ಅಕ್ಕ ಕರಗಿದಳು, ಚರ್ಮ ಉಳಿಯಿತು

ಕಳೆದ ವಾರ ದಾವಣಗೆರೆಯ ವಿನೋಬನಗರದ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಗೆ ನಿಂತಿದ್ದೆ. ಪಕ್ಕದವರು ಕೊಂಡ ಪೌಡರ್ ಡಬ್ಬಿಯ ಮುಚ್ಚಳ ಸಡಿಲವಿತ್ತೋ ಏನೋ, ಕರ್ಪೂರದಂಥ ತಣ್ಣನೆಯ ವಾಸನೆ ಬಂತು. ತುರಿಕೆಗೂ ಬೆವರುಸಾಲೆಗೂ ಹಾಕುವ ಪೌಡರ್. ನಿಮಗೆ ಆ ವಾಸನೆ ಬೇಸಿಗೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಭಾನುವಳ್ಳಿಯಲ್ಲಿರುವ ನನ್ನ ಅಕ್ಕ.

ಅಕ್ಕ ಬಹಳ ದಪ್ಪ ಇದ್ದಳು. ನೂರು ಕಿಲೋ ದಾಟಿದ್ದಳೆಂದು ನನ್ನ ನೆನಪು. ನನ್ನ ನೆನಪೂ ಸ್ವಲ್ಪ ಊದಿಕೊಳ್ಳುವಂಥದೇ, ಪೂರ್ತಿ ನಂಬಬೇಡಿ. ಸಕ್ಕರೆ ಕಾಯಿಲೆ ಬಂದೀತೆಂದು ಡಾಕ್ಟರು ಹೆದರಿಸಿದ ಮೇಲೆ ಅವಳು ಅನ್ನ ಬಿಟ್ಟಳು, ದಿನಾ ಬೆಳಿಗ್ಗೆ ಗದ್ದೆಗೆ ನೀರು ತರುವ ಚಾನಲ್ಲಿನ ಏರಿಯ ಮೇಲೆ ನಡೆದಳು. ಎರಡು ವರ್ಷದಲ್ಲಿ ಅರ್ಧ ಅಕ್ಕ ಮಾತ್ರ ಉಳಿದಳು. ಊರವರು ಹೊಗಳಿದರೆಂದುಕೊಳ್ಳಬೇಡಿ.

"ಯಾಕ್ರಿ ಅಕ್ಕಾರೆ, ಹಿಂಗ್ ಸೊರಗೀರಿ? ದೊಡ್ಡಾಸ್ಪತ್ರೆಗೆ ತೋರ್ಸಿದ್ರೇನು?" ಎಂದು ಬಸ್ ಸ್ಟಾಪಿನಲ್ಲಿ ಕೇಳುವರು.

"ತೋರ್ಸೀನ್ರಿ. ಹೊಟ್ಟೆ ತುಂಬ ಉಣ್ಣಬ್ಯಾಡ ಅಂದಾರೆ. ನಿಮಗೂ ಅದನ್ನೇ ಹೇಳು ಅಂದಾರೆ" ಎನ್ನುವಳು ಅಕ್ಕ.

ಕೊಬ್ಬು ಹೋಯಿತು, ಅದನ್ನು ತುಂಬಿಕೊಂಡಿದ್ದ ಚರ್ಮ ಹೋಗಲಿಲ್ಲ. ಹೊಕ್ಕುಳ ಕೆಳಗಿನಿಂದ ಅದು ತೊಡೆಯ ಮೇಲೆ ಜೋತುಬಿತ್ತು. ಹಳೇ ಪಂಚೆ ಹರಿದು ಪಟ್ಟಿ ಮಾಡಿ ಆ ಮಡಿಕೆಯೊಳಗೆ ಇಟ್ಟು, ಮೇಲೆ ಸೀರೆ ಬಿಗಿದುಕೊಳ್ಳುವಳು. ಸೆಕೆಗೆ ಅಲ್ಲೆಲ್ಲ ಹುಣ್ಣು. "ನಾನು ಕುಂತು ಎದ್ರೆ ಅದು ನನಗಿಂತ ಆಮೇಲೆ ಏಳ್ತೈತೆ, ತಮ್ಮ" ಎಂದು ಒಮ್ಮೆ ನಕ್ಕಳು. ದಣಿದವರ ನಗು.

ಕೊನೆಗೆ ಹರಿಹರದಲ್ಲಿ ಬಸ್ ಬದಲಾಯಿಸಿ ದಾವಣಗೆರೆಗೆ ಬಂದಳು. ನಾನು ಓದಿದವನೆಂದು ನನ್ನನ್ನು ಜೊತೆಗಿಟ್ಟುಕೊಂಡು ಸರ್ಜನ್ ಬಳಿ ಹೋದಳು. ಅವರು ನಿಧಾನವಾಗಿ ಹೇಳಿದರು. ಎಣ್ಣೆಗೂ ವ್ಯಾಯಾಮಕ್ಕೂ ಇಷ್ಟೊಂದು ಚರ್ಮ ಕುಗ್ಗುವುದಿಲ್ಲ. ಬೆಲ್ಟ್ ಕಟ್ಟಿ, ಒಣಗಿಸಿ, ಮುಲಾಮು ಹಚ್ಚುತ್ತ ಇರಬಹುದು. ಇಲ್ಲವೇ ಜೋತ ಮಡಿಕೆಯನ್ನಷ್ಟೇ ಕೊಯ್ದು ತೆಗೆಯಬಹುದು. ಅದೂ ಸಾಲದೆಂದರೆ ಪೂರ್ತಿ ಆಪರೇಷನ್: ಸಡಿಲಾದ ಸ್ನಾಯು ಬಿಗಿದು, ಹೊಕ್ಕುಳಿಗೆ ಹೊಸ ಜಾಗ ಮಾಡಿ ಹೊಲಿಯುವುದು. ಸೊಂಟದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಗಾಯದ ಗುರುತು ಉಳಿಯುತ್ತದೆ, ವಾರಗಟ್ಟಲೆ ಭಾರ ಎತ್ತುವಂತಿಲ್ಲ, ಕೀವಾಗುವ ಭಯವೂ ಇದೆ. ಅದಕ್ಕೂ ಮೊದಲು ಕೆಲವು ತಿಂಗಳು ತೂಕ ಏರಿಳಿಯದೆ ನಿಲ್ಲಬೇಕು. ಇಷ್ಟು ಹೇಳಿ ಅಕ್ಕನ ಕಡೆ ತಿರುಗಿ, "ನಿಮಗೆ ಏನು ಬೇಕಮ್ಮ?" ಎಂದರು.

ಆಪರೇಷನ್ ಆಗಲಿಲ್ಲ. "ಹುಣ್ಣು ಮಾಯ್ದರೆ ಸಾಕು ಸರ್, ಚೆಂದ ಕಾಣೋ ವಯಸ್ಸೇನಲ್ಲ" ಎಂದು ಜೊತೆಗೆ ಬಂದಿದ್ದ ಭಾವ ಅಡ್ಡಬಾಯಿ ಹಾಕಿಬಿಟ್ಟರು. ಅಕ್ಕ ಬೆಲ್ಟು, ಪೌಡರು ಹಿಡಿದುಕೊಂಡು ಊರಿಗೆ ಹೋದಳು. ನಾಲ್ಕು ವರ್ಷದಿಂದ ನಾನು ಇದನ್ನು ಹೀಗೆಯೇ ಹೇಳುತ್ತ ಬಂದಿದ್ದೇನೆ, ಹೆಂಡತಿಗೆ, ಗೆಳೆಯರಿಗೆ, ಪ್ರತಿ ಸಲವೂ ಭಾವನನ್ನು ಸ್ವಲ್ಪ ಹೆಚ್ಚು ಜರೆಯುತ್ತ.

ಮೆಡಿಕಲ್ ಶಾಪಿನಿಂದ ಸರಸ್ವತಿ ನಗರದ ಮನೆಗೆ ಬಂದವನು, ಯಾಕೋ ಅನುಮಾನ ಬಂದು ಆ ವರ್ಷದ ಡೈರಿ ತೆಗೆದೆ. ಭಾವ ಆ ದಿನ ಬಂದೇ ಇರಲಿಲ್ಲ. ಗದ್ದೆಯಲ್ಲಿ ನಾಟಿ ಇತ್ತು. ಆ ಮಾತು ನನ್ನದೆಂದೇ ಬರೆದಿದ್ದೆ. ಅದರ ಕೆಳಗೆ ನನ್ನದೇ ದುಂಡಗಿನ ಅಕ್ಷರದಲ್ಲಿ, "ಡಾಕ್ಟರೂ ನಕ್ಕರು." ಅಕ್ಕ ನಕ್ಕಳೋ ಇಲ್ಲವೋ ಬರೆದಿಲ್ಲ. ನಾನು ನೋಡಿರಲಿಕ್ಕಿಲ್ಲ.

ಕೂಡಲೇ ಫೋನ್ ಮಾಡಿದೆ. "ಅಕ್ಕ, ಅವತ್ತು ಡಾಕ್ಟರ ಮುಂದೆ ಆ ಮಾತು ಅಂದಿದ್ದು ನಾನಾ?"

"ಮತ್ಯಾರು? ನಿಮ್ ಭಾವ ಗದ್ದೆಗಿದ್ರು."

"ನೀನ್ಯಾಕ ಸುಮ್ನಿದ್ದಿ?"

"ನೀನು ಓದಿದಾಂವ. ತಿಳ್ದೇ ಹೇಳ್ತೀಯ ಅನ್ಕಂಡೆ." ಆಮೇಲೆ, "ಹುಣ್ಣು ಇನ್ನೂ ಐತೆ" ಎಂದಳು.

ಇವತ್ತು ಮತ್ತೆ ಬಂದಳು. ಅದೇ ಸರ್ಜನ್. "ನೀನು ಹೊರಗೆ ಕೂಡ್ರು" ಎಂದು ಒಬ್ಬಳೇ ಒಳಗೆ ಹೋದಳು. ಬಾಗಿಲಾಚೆ ಡಾಕ್ಟರಿಗಿಂತ ಅವಳ ದನಿಯೇ ಹೆಚ್ಚು ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಸುಮ್ಮನೆ ಕೂರುವುದೂ ಇಷ್ಟು ಆಯಾಸದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಅರ್ಧ ಗಂಟೆಗೆ ಹೊರಬಂದಳು. "ಪೂರ್ತೀನೇ ಮಾಡ್ರಿ ಅಂದೀನಿ. ಸುಗ್ಗಿ ಮುಗಿದ ಮೇಲೆ. ಆರು ವಾರ ನಾನು ಒಂದು ಕೊಡ ನೀರೂ ಎತ್ತಂಗಿಲ್ಲ." ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. "ಅದನ್ನ ನಿಮ್ ಭಾವನಿಗೆ ನೀನೇ ಹೇಳು, ತಮ್ಮ. ನನ್ನ ಪರವಾಗಿ ಮಾತಾಡೋದು ನಿಂಗೆ ಚೆನ್ನಾಗಿ ಬರ್ತೈತಲ್ಲ."